ಅಂಗಡಿಯಲ್ಲಿ ನಲ್ಲಿ ಇಲ್ಲ

ಫೋನು ಬಂದಾಗ ಕಟ್ಟಿನಂಗಡಿಯ ಯಜಮಾನರು ಒಂದು ಪಟದ ಹಿಂಬದಿಗೆ ಮೊಳೆ ಹೊಡೆಯುತ್ತಿದ್ದರು. ಇನ್ನಷ್ಟು ಸಣ್ಣ ಮೊಳೆಗಳು ತುಟಿಗಳ ನಡುವೆ ಇದ್ದವು. ಪಟಗಳಿಗೆ ಕಟ್ಟು ಹಾಕುವವರ ಅಭ್ಯಾಸ ಅದು. ಹಾಗಾಗಿ ಫೋನಿಗೆ ಅವರು "ಹೂಂ" ಎಂದರು, ಅಷ್ಟೆ.

"ಭಾವ, ಅಂಗಡಿ ಬಾಗಿಲು ಹಾಕ್ಕೊಂಡು ಬನ್ನಿ," ಎಂದ ಹೆಂಡತಿಯ ತಮ್ಮ.

"ಹೂಂ?"

"ಅಕ್ಕ ಇನ್ನಿಲ್ಲ ಭಾವ. ನನ್ನ ಆಫೀಸಲ್ಲೇ. ಕೂತಿದ್ದ ಕುರ್ಚೀಲೇ."

ಯಜಮಾನರು ಮೊಳೆಗಳನ್ನು ಬಾಯಿಂದ ಅಂಗೈಗೆ ಉಗುಳಿಕೊಂಡು ಡಬ್ಬಿಗೆ ಹಾಕಿದರು. ಎದುರಿಗೆ ಗಿರಾಕಿಯೊಬ್ಬ ನಿಂತಿದ್ದ. ಮಗಳ ಪದವಿಯ ಪಟ ಅವನದು. "ಏನಾದ್ರೂ ತೊಂದರೆನಾ?" ಎಂದು ಕೇಳಿದ.

"ಇಲ್ಲ, ಇನ್ನು ಸ್ವಲ್ಪ ಇದೆ, ಹೊಡೆದು ಕೊಡ್ತೀನಿ," ಎಂದರು ಯಜಮಾನರು. ಡಬ್ಬಿಯಿಂದ ಮತ್ತೆ ಮೊಳೆ ತೆಗೆದು ಹೊಡೆದರು. ಗಾಜು ಒರೆಸಿದರು. ಪಟವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿ, ದಾರಕ್ಕೆ ಹಿಡಿಕೆಯ ಹಾಗೆ ಒಂದು ಕುಣಿಕೆಯನ್ನೂ ಹಾಕಿ ಕೊಟ್ಟರು. ಚಿಲ್ಲರೆ ಕೊಟ್ಟರು. ಆಮೇಲೆ ಬಾಗಿಲು ಎಳೆದರು. ಬೀದಿಯಲ್ಲಿ ನಡೆಯುತ್ತಿದ್ದಾಗ ಅವರಿಗೆ ಹೊಳೆದದ್ದು ಒಂದೇ ಮಾತು: ರಸೀದಿ ಬರೆಯಲಿಲ್ಲ. ರಸೀದಿ ಬರೆಯುತ್ತಿದ್ದದ್ದು ಹೆಂಡತಿ. ಇವತ್ತು ಸಂಜೆ ಅವಳ ಕೈಲಿ ಬೈಸಿಕೊಳ್ಳಬೇಕು ಎಂದುಕೊಂಡು ಇನ್ನೂ ಕೆಲವು ಹೆಜ್ಜೆ ನಡೆದರು.

ಅವರ ಕಟ್ಟಡ ಒಂದೇ, ಬದುಕು ಮೂರು ಪಾಲು. ಬೀದಿಗೆ ಅಂಗಡಿ. ಅದರ ಹಿಂದೆ ಗಂಡ ಹೆಂಡತಿ ಇದ್ದ ಕೋಣೆಗಳು. ಮೇಲೆ ಬಾಡಿಗೆಗೆ ಕೊಟ್ಟ ಮನೆ. ಅಲ್ಲಿ ಒಬ್ಬ ನರ್ಸಮ್ಮ ಇದ್ದಳು. ಕರೆಂಟಿನ ಮೀಟರು ಮಾತ್ರ ಮೂರಕ್ಕೂ ಸೇರಿ ಒಂದೇ. ಆ ಒಂದು ಮೀಟರಿನಿಂದಾಗಿ ವರ್ಷಕ್ಕೊಮ್ಮೆ ಅಕ್ಕ ತಮ್ಮನಿಗೆ ಜಗಳ ಆಗುತ್ತಿತ್ತು. ತಮ್ಮ ತೆರಿಗೆ ಲೆಕ್ಕ ಮಾಡಿಕೊಡುವವನು. ಸಣ್ಣ ಅಂಗಡಿಯವರು, ಬಾಡಿಗೆ ಮನೆ ಇಟ್ಟುಕೊಂಡವರು ಅವನ ಮೆಟ್ಟಿಲು ಹತ್ತುತ್ತಿದ್ದರು. ವರಮಾನದಲ್ಲಿ ಯಾವ ಯಾವ ಖರ್ಚು ಕಳೆಯಬಹುದು ಎಂಬುದು ಅವನಿಗೆ ಬಾಯಿಪಾಠ. ಕಳೆಯಬಹುದಾದದ್ದೆಲ್ಲ ಕಳೆಯಬೇಕು ಎಂಬುದು ಅವನ ಧರ್ಮ. ಕಳೆಯಬಾರದ್ದನ್ನು ಕಳೆದರೆ ದೇವರು ನೋಡುತ್ತಾನೆ ಎಂಬುದು ಅಕ್ಕನ ಧರ್ಮ.

"ಇಡೀ ಕರೆಂಟು ಬಿಲ್ಲು ಅಂಗಡಿಗೆ ಹಾಕ್ತೀನಿ ಅಕ್ಕ, ಯಾರು ಬಂದು ನೋಡ್ತಾರೆ."

"ಹಿಂದೆ ಅಡುಗೆಮನೇಲಿ ಉರಿಯೋ ದೀಪ ಅಂಗಡೀದೇನೋ? ಅದನ್ನ ಬಿಡು. ಮೇಲಿನ ಮನೇದು ಬಿಡು. ಉಳಿದಿದ್ದು ಹಾಕು."

"ನೀನು ನನ್ನ ಅಕ್ಕನೋ, ಆ ತೆರಿಗೆ ಆಫೀಸಿನವರ ಅಕ್ಕನೋ?"

"ಸುಮ್ನೆ ಬರಿ. ಬಾಯಿ ಮುಚ್ಕೊಂಡು ಬರಿ."

ಮನೆಗೆಂದು ಒಂದು ಪಟಕ್ಕೆ ಕಟ್ಟು ಹಾಕಿಕೊಂಡರೂ ಅಷ್ಟು ಮರ, ಅಷ್ಟು ಗಾಜನ್ನು ಆಕೆ ಅಂಗಡಿಯ ಖರ್ಚಿನಿಂದ ಹೊರಗಿಡುತ್ತಿದ್ದಳು. "ಇದು ನಮ್ಮ ಸ್ವಂತಕ್ಕೆ, ವ್ಯಾಪಾರಕ್ಕಲ್ಲ," ಎನ್ನುತ್ತಿದ್ದಳು. ಯಜಮಾನರು ಈ ಜಗಳದಲ್ಲಿ ತಲೆ ಹಾಕಿದವರಲ್ಲ. ಅವರ ಕೈ ಮರಕ್ಕೆ ಹೊಂದಿದ್ದು. ಲೆಕ್ಕ ಅವಳದು, ರಸೀದಿ ಅವಳದು, ಕಟ್ಟಿನೊಳಗೆ ಚಿತ್ರದ ಸುತ್ತ ಕೂರಿಸುವ ರಟ್ಟಿನ ಅಂಚು ಕತ್ತರಿಸುವುದೂ ಅವಳದೇ. ಆ ಅಂಚಿಗೆ ಅವರು ಮೌಂಟು ಎನ್ನುತ್ತಿದ್ದರು. ಬ್ಲೇಡನ್ನು ಓರೆ ಹಿಡಿದು ಒಂದೇ ಉಸಿರಿನಲ್ಲಿ ಎಳೆಯಬೇಕು; ಮೂಲೆಯಲ್ಲಿ ಕೂದಲೆಳೆಯಷ್ಟು ಮುಂದೆ ಹೋದರೂ ರಟ್ಟು ಹಾಳು. ಯಜಮಾನರಿಗೆ ಆ ಕೆಲಸ ಒಮ್ಮೆಯೂ ಬಗ್ಗಲಿಲ್ಲ.

ಈ ಕೆಲಸಕ್ಕೆ ಆಕೆಗೆ ಸಂಬಳವಿತ್ತು. ತಮ್ಮನೇ ಹೇಳಿಕೊಟ್ಟದ್ದು: ಅಂಗಡಿಯಲ್ಲಿ ನಿಜವಾಗಿ ದುಡಿಯುವ ಹೆಂಡತಿಗೆ ಸಂಬಳ ಕೊಟ್ಟರೆ ಅದನ್ನೂ ಖರ್ಚೆಂದು ಕಳೆಯಬಹುದು. "ಹಾಗಾದ್ರೆ ಬರೀ ಕಾಗದದ ಮೇಲೆ ಬೇಡ, ಕೈಗೇ ಕೊಡಿ," ಎಂದಿದ್ದಳು ಆಕೆ. ತಿಂಗಳ ಕೊನೆಯಲ್ಲಿ ಯಜಮಾನರು ಗಲ್ಲಾದಿಂದ ಎಣಿಸಿ ಕೊಡುವರು. ಆಕೆ ಹಣ ಮುಟ್ಟಿತೆಂದು ಓಚರಿಗೆ ಸಹಿ ಮಾಡುವಳು.

"ಯಜಮಾನ್ರೇ, ವರ್ಷ ಆಯ್ತು, ಸ್ವಲ್ಪ ಏರಿಸಬಾರದಾ?"

"ಅಂಗಡಿ ಕಷ್ಟದಲ್ಲಿದೆ ಕಣಮ್ಮ."

"ಬೇರೆ ಅಂಗಡಿ ನೋಡ್ಕೋತೀನಿ ಹಾಗಾದ್ರೆ."

"ನೋಡ್ಕೋ. ಅಲ್ಲಿ ಹೊತ್ತು ಹೊತ್ತಿಗೆ ಕಾಫಿ ಕೊಡ್ತಾರಾ ಕೇಳು."

"ಇಲ್ಲಿ ಕೊಡ್ತಿರೋದು ಯಾರು, ನೀವಾ?"

ತಿಂಗಳು ತಿಂಗಳೂ ಅದೇ ಮಾತು. ಇಬ್ಬರಿಗೂ ಬೇಸರ ಬಂದಿರಲಿಲ್ಲ.

ಆ ವರ್ಷವೂ ರಸೀದಿಗಳ ಚೀಲ ಹಿಡಿದು ತಮ್ಮನ ಆಫೀಸಿಗೆ ಹೋಗಿದ್ದಳು. ಅಲ್ಲೇ ಉಸಿರು ನಿಂತಿತು. ಡಾಕ್ಟರು ಹೃದಯ ಎಂದರು.

ಕಾರ್ಯಗಳೆಲ್ಲ ಮುಗಿದವು. ಬಂದವರು ಹೋದರು. ಯಜಮಾನರು ಅಳಲಿಲ್ಲ. ಅಳು ಬರಲಿಲ್ಲ ಎನ್ನುವುದೇ ಸರಿ. ಎದೆಯೊಳಗೆ ಯಾರೋ ದಪ್ಪ ರಟ್ಟು ಕತ್ತರಿಸಿ ಒತ್ತಿ ಕೂರಿಸಿದ ಹಾಗಿತ್ತು. ಮೇಲೆ ಬಡಿದರೂ ಒಳಗೆ ತಟ್ಟುತ್ತಿರಲಿಲ್ಲ. ಯಾರು ಏನು ಕೇಳಿದರೂ "ಆಗಲಿ" ಎನ್ನುತ್ತಿದ್ದರು. ಊಟ ಮಾಡಿ ಎಂದರೆ ಆಗಲಿ. ಮಲಗಿ ಎಂದರೆ ಆಗಲಿ. ಇಲ್ಲಿ ಸಹಿ ಹಾಕಿ ಎಂದರೂ ಆಗಲಿ. ಸಾವಿಗೆ ಸಂಬಂಧಿಸಿದ ಕಾಗದಗಳು ಇಷ್ಟಿರುತ್ತವೆ ಎಂದು ಅವರಿಗೆ ಗೊತ್ತಿರಲಿಲ್ಲ. ಎಲ್ಲಕ್ಕೂ ಹಾಕಿದರು. ಬೆಳಿಗ್ಗೆ ದೇವರ ಮುಂದೆ ಕೂರುತ್ತಿದ್ದರು. ಕೈ ಮುಗಿಯುತ್ತಿತ್ತು, ನಾಲಿಗೆ ಏಳುತ್ತಿರಲಿಲ್ಲ. ಸುಮ್ಮನೆ ಕೂತು ಎದ್ದು ಬರುತ್ತಿದ್ದರು.

ಅಂಗಡಿ ತೆರೆದರು. ಹೆಂಡತಿಯ ಭಾವಚಿತ್ರವೊಂದನ್ನು ದೊಡ್ಡದು ಮಾಡಿಸಿ ತಂದಿದ್ದರು. ಕಟ್ಟಿನ ಮರ ಕತ್ತರಿಸಿ ಮೂಲೆ ಕೂಡಿಸಿ ಮುಗಿಸಿದ್ದರು. ಮೌಂಟು ಆಗಬೇಕಿತ್ತು. ಚಿತ್ರ ಎರಡು ಗಾಜುಗಳ ನಡುವೆ ಬೆಂಚಿನ ಕೊನೆಯಲ್ಲಿ ಹಾಗೇ ಬಿದ್ದಿತ್ತು. "ಊರಿಗೆಲ್ಲ ಕಟ್ಟು ಹಾಕ್ತೀರ, ಅಮ್ಮಾವ್ರದು ಹಾಗೇ ಮಲಗಿಸಿದೀರಲ್ಲ," ಎಂದು ಹಳೆಯ ಗಿರಾಕಿ ಹೆಂಗಸೊಬ್ಬಳು ಗದರಿದಳು. "ಆಗಲಿ," ಎಂದರು ಯಜಮಾನರು.

ಒಂದು ದಿನ ಮಧ್ಯಾಹ್ನ ಭಾವಮೈದುನ ಬಂದ. ಮುಖ ಇಳಿದುಹೋಗಿತ್ತು. ಕುಳಿತುಕೊಳ್ಳಲೂ ಇಲ್ಲ.

"ಭಾವ, ಹೋದ ವರ್ಷದ ಲೆಕ್ಕದ ಮೇಲೆ ತೆರಿಗೆ ಆಫೀಸಿಂದ ನೋಟಿಸು ಬಂದಿದೆ. ಅಕ್ಕನ ಸಂಬಳ ಕಳೆದಿದ್ವಲ್ಲ, ಅದಕ್ಕೆ ಪುರಾವೆ ಕೇಳಿದಾರೆ. ಮನೇಲಿರೋ ಹೆಂಡತಿ ಹೆಸರಲ್ಲಿ ಸುಳ್ಳು ಸಂಬಳ ತೋರಿಸೋರು ತುಂಬಾ ಜನ ನೋಡಿ, ಅದಕ್ಕೆ."

"ಹೂಂ."

"ಒಪ್ಕೊಂಡು ಬಿಡೋಣ. ಒಂದಿಷ್ಟು ತೆರಿಗೆ ಬೀಳುತ್ತೆ, ಕಟ್ಟಿ ಕೈ ತೊಳ್ಕೊಳ್ಳೋಣ. ಅವರೆದುರು ನಿಂತು ಅಕ್ಕನ ವಿಷಯ ಮಾತಾಡೋದು ಯಾರಿಗೆ ಬೇಕು?"

"ಆಗಲಿ."

ಅವನು ಬರೆದು ತಂದಿದ್ದ ಹೇಳಿಕೆಯ ಎರಡು ಪ್ರತಿಗೂ ಸಹಿ ಹಾಕಿದರು. ಒಂದನ್ನು ಅವನು ತೆಗೆದುಕೊಂಡು ಹೋದ. ಇನ್ನೊಂದು ಬೆಂಚಿನ ಮೇಲೆ ಉಳಿಯಿತು.

ಕಟ್ಟಿನ ಅಂಗಡಿಯಲ್ಲಿ ಬೆಂಚಿನ ಮೇಲೆ ಬಿದ್ದ ಕಾಗದಕ್ಕೆ ಒಂದೇ ಗತಿ. ಚಿತ್ರ ಸಡಿಲವಾಗದಿರಲಿ ಎಂದು ಹಿಂದೆ ಮಡಿಸಿ ತುರುಕುವುದು. ಕೆಲವು ದಿನ ಕಳೆದ ಮೇಲೆ ಯಜಮಾನರು ಯಾರದೋ ಮದುವೆಯ ಪಟಕ್ಕೆಂದು ಆ ಹಾಳೆಯನ್ನು ಎತ್ತಿಕೊಂಡು, ಅಳತೆಗೆ ಮಡಿಸಲು ಕನ್ನಡಕ ಹಾಕಿಕೊಂಡರು. ಮಡಿಕೆ ಬೀಳಬೇಕಾದ ಕಡೆ ಒಂದು ಸಾಲಿತ್ತು. "ನನ್ನ ಪತ್ನಿಯು ಸದರಿ ವ್ಯಾಪಾರದಲ್ಲಿ ಯಾವುದೇ ಕೆಲಸ ಮಾಡಿರುವುದಿಲ್ಲವೆಂದು ಈ ಮೂಲಕ ತಿಳಿಸುತ್ತೇನೆ." ಅದರ ಕೆಳಗೆ ಅವರ ಸಹಿ.

ಅವರು ಅದನ್ನು ಓದಿದರು. ಮತ್ತೆ ಓದಿದರು. ಬೆಂಚಿನ ಆಚೆ ತುದಿಯಲ್ಲಿ ಅವಳ ಬ್ಲೇಡು, ಅವಳ ಕಬ್ಬಿಣದ ಪಟ್ಟಿ, ಅವಳು ಪಟ್ಟಿಯನ್ನು ಒತ್ತಿ ಹಿಡಿದು ಹಿಡಿದು ಸವೆದ ಮರದ ಒಂದು ಜಾಗ. ಯಜಮಾನರು ಹಾಳೆಯನ್ನು ತುರುಕಲಿಲ್ಲ. ಮಡಿಸಿ ಜೇಬಿಗೆ ಹಾಕಿಕೊಂಡು, ಬಾಗಿಲೆಳೆದು, ಅವಳು ಹೋದ ದಿನದಿಂದ ಹತ್ತದಿದ್ದ ಮೆಟ್ಟಿಲುಗಳನ್ನು ಹತ್ತಿದರು.

ಭಾವಮೈದುನನ ಆಫೀಸು ಒಂದು ಕೋಣೆ. ಅವನ ಮೇಜು, ಗೋಡೆಗೆ ಕಪಾಟು, ಬಂದವರಿಗೆ ಎರಡು ಕುರ್ಚಿ. ಒಂದು ಖಾಲಿ ಇತ್ತು. ಇನ್ನೊಂದನ್ನು ಗೋಡೆಯ ಕಡೆ ತಿರುಗಿಸಿ, ಅದರ ಮೇಲೆ ಎದೆಯೆತ್ತರ ಫೈಲುಗಳನ್ನು ಪೇರಿಸಿದ್ದ.

"ಫೈಲಿಡೋಕೆ ಜಾಗ ಇಲ್ಲ ಭಾವ," ಎಂದ, ಕೇಳುವ ಮೊದಲೇ.

ಯಜಮಾನರು ಹಾಳೆಯನ್ನು ಮೇಜಿನ ಮೇಲಿಟ್ಟರು. "ಇದು ಯಾರು ಬರೆದಿದ್ದು?"

"ಅದು ಮಾಮೂಲಿ ಒಕ್ಕಣೆ ಭಾವ. ಎಲ್ಲರಿಗೂ ಅದೇ."

"ಅವಳು ಕೆಲಸ ಮಾಡಲಿಲ್ವಾ?"

"ಮಾಡಲಿಲ್ಲ ಅಂತ ನಾನಂದ್ನಾ? ಮಾಡಿದ್ಲು ಅಂದ್ರೆ ಸಾಬೀತು ಮಾಡಿ ಅಂತಾರೆ. ಮಾಡಲಿಲ್ಲ ಅಂದ್ರೆ ಸುಮ್ನಾಗ್ತಾರೆ. ಇಷ್ಟೇ."

"ತೆರಿಗೆ ಬೇಕಾದ್ರೆ ಕಟ್ಟೋಣ. ಈ ಮಾತು ಬೇಡ. ವಾಪಸ್ ತಗೋ."

"ಕೊಟ್ಟಾಗಿದೆ ಭಾವ. ನಾಳಿದ್ದು ಕರೆದಿದಾರೆ, ಸುಮ್ನೆ ಹೋಗಿ ಹೌದು ಅಂದು ಬರೋದು."

"ನಾನೂ ಬರ್ತೀನಿ."

"ಏನು ಮಾಡೋಕೆ? ಮೂಲೆ ಬಿಟ್ಟಿರೋ ಕಟ್ಟು ರಿಪೇರಿ ಮಾಡೋಕಾ?" ಎಂದ ಅವನು ಸಿಟ್ಟಿನಿಂದ. ಆಮೇಲೆ ಮುಖ ಒರೆಸಿಕೊಂಡ. "ಅಕ್ಕ ತಂದುಕೊಟ್ಟ ಫೈಲು ಬಿಚ್ಚೋಕೆ ನನ್ನ ಕೈಲಾಗ್ತಿಲ್ಲ ಭಾವ. ನಿಮಗೆ ಅರ್ಥ ಆಗಲ್ಲ."

ಯಜಮಾನರಿಗೆ ಅರ್ಥವಾಗಲೂ ಇಲ್ಲ. ಒಳಗಿನ ರಟ್ಟು ಹಾಗೇ ಇತ್ತು. ಈ ಒಂದು ಸಾಲು ಮಾತ್ರ ಎಲ್ಲೋ ಸಿಬಿರಿನಂತೆ ಚುಚ್ಚಿಕೊಂಡಿತ್ತು. ಅದು ಅಲ್ಲಿಂದ ಹೋದರೆ ಸಾಕಾಗಿತ್ತು.

ತೆರಿಗೆ ಆಫೀಸಿನ ಅಧಿಕಾರಿ ನಡುವಯಸ್ಸಿನ ಹೆಂಗಸು. ನೆಗಡಿಯಾಗಿತ್ತು, ಮಾತಿನ ನಡುವೆ ಮೂಗೊರೆಸಿಕೊಳ್ಳುತ್ತಿದ್ದರು. ಭಾವಮೈದುನ ಪ್ರತಿನಿಧಿಯೆಂದು ಹೆಸರು ಬರೆಸಿ ಕುಳಿತ.

"ನಿಮ್ಮ ಕಡೆಯವರು ಒಪ್ಪಿಕೊಂಡಿದಾರೆ, ಅಲ್ವಾ? ಹೆಂಡತಿ ಕೆಲಸ ಮಾಡಿಲ್ಲ ಅಂತ," ಎಂದು ಅಧಿಕಾರಿ ಅವನನ್ನು ಕೇಳಿದರು.

"ಅದು ಸುಳ್ಳು ಮೇಡಂ," ಎಂದರು ಯಜಮಾನರು.

ಅಧಿಕಾರಿ ಹಾಳೆಯನ್ನು ಅವರ ಕಡೆ ತಿರುಗಿಸಿದರು. "ಸಹಿ ನಿಮ್ಮದೇ ತಾನೇ?"

"ನನ್ನದೇ."

"ಓದಿ ಹಾಕಿದ್ರಾ?"

"ಇಲ್ಲಮ್ಮ. ಆಗ ಯಾರು ಏನು ಕೊಟ್ರೂ ಹಾಕ್ತಿದ್ದೆ."

ಅಧಿಕಾರಿ ಒಂದು ಹೊಸ ಹಾಳೆ ಎಳೆದುಕೊಂಡರು. "ಏನು ಕೆಲಸ ಮಾಡ್ತಿದ್ರು ಹೇಳಿ."

ಯಜಮಾನರು ಹೇಳತೊಡಗಿದರು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಗಾಜಿನ ಚೂರು ಗುಡಿಸುತ್ತಾಳೆ, ನನಗೆ ಬಿಡಲ್ಲ, ನಾನು ಮೂಲೆ ಬಿಡ್ತೀನಂತೆ. ಗಿರಾಕಿ ಬಂದ್ರೆ ಚಿತ್ರಕ್ಕೆ ಯಾವ ಬಣ್ಣದ ಅಂಚು ಹೊಂದುತ್ತೆ ಅಂತ ಅವಳೇ ಹೇಳ್ತಾಳೆ, ರಟ್ಟಿನ ತುಂಡು ಇಟ್ಟು ಇಟ್ಟು ತೋರಿಸ್ತಾಳೆ. ಸತ್ತವರ ಪಟ ತಂದವರನ್ನ ಕೂರಿಸಿ ನೀರು ಕೊಡ್ತಾಳೆ, ಆಮೇಲೆ ಅಳತೆ ಕೇಳ್ತಾಳೆ. ಮಧ್ಯಾಹ್ನ ಮೇಲೆ ಮೌಂಟು ಕತ್ತರಿಸ್ತಾಳೆ. ಆಗ ನಾನು ಸುತ್ತಿಗೆ ಮುಟ್ಟೋ ಹಾಗಿಲ್ಲ, ಬೆಂಚು ಅಲ್ಲಾಡುತ್ತೆ. ಕತ್ತಲಾದ ಮೇಲೆ ರಸೀದಿ.

ಅವರು 'ಮಾಡ್ತಾಳೆ, ಕೊಡ್ತಾಳೆ' ಎನ್ನುತ್ತಲೇ ಇದ್ದರು. ಅಧಿಕಾರಿ ತಿದ್ದಲಿಲ್ಲ. ಬರೆದುಕೊಳ್ಳುತ್ತಲೇ ಇದ್ದರು. ಮುಗಿದ ಮೇಲೆ ಕೇಳಿದರು: "ನೀವು ಹೇಳಿದ್ರಿ. ನೀವಲ್ಲದೆ ನೋಡಿದವರು ಯಾರಾದ್ರೂ? ಲೆಕ್ಕದ ಕೆಲಸ ಆಕೇನೇ ಮಾಡ್ತಿದ್ರು ಅನ್ನೋಕೆ?"

ಯಜಮಾನರು ಯೋಚಿಸಿದರು. ಯಾರ ಮುಖವೂ ನೆನಪಿಗೆ ಬರಲಿಲ್ಲ.

"ನಾನು ನೋಡಿದೀನಿ," ಎಂದ ಭಾವಮೈದುನ.

"ನೀವು ಅವರ ಪ್ರತಿನಿಧಿ. ಪ್ರತಿನಿಧಿ ಸಾಕ್ಷಿ ಹೇಳೋ ಹಾಗಿಲ್ಲ."

"ಹಾಗಾದ್ರೆ ನಾನು ಪ್ರತಿನಿಧಿ ಅಲ್ಲ ಅಂತ ಬರ್ಕೊಳ್ಳಿ."

ಅಧಿಕಾರಿ ತಲೆಯೆತ್ತಿ ನೋಡಿದರು. ಮೊದಲು ಬರೆದಿದ್ದ ಅವನ ಹೆಸರಿಗೆ ನಿಧಾನವಾಗಿ ಗೆರೆ ಎಳೆದು, ಕೆಳಗೆ ಮತ್ತೊಮ್ಮೆ ಬರೆದರು. "ಹೇಳಿ."

"ಪ್ರತಿ ವರ್ಷ ಲೆಕ್ಕ ತಂದುಕೊಡ್ತಿದ್ದೋಳು ಅವಳೇ. ಕೊನೇ ದಿನಾನೂ ತಂದಿದ್ಲು." ಅವನು ಮೇಜಿನ ಅಂಚನ್ನು ನೋಡುತ್ತ ಹೇಳಿದ. "ಮೇಲಿನ ಬಾಡಿಗೆ ಮನೇಲಿ ನೀರಿನ ಪೈಪು ಒಡೆದಿತ್ತು. ಅದರ ರಸೀದಿ ಇತ್ತು. ಬಾಡಿಗೆ ವರಮಾನದಲ್ಲಿ ರಿಪೇರಿಗೆ ಅಂತ ಒಂದು ಗೊತ್ತಾದ ಪಾಲು ಹೇಗೂ ಕಳೀತಾರೆ, ರಸೀದಿ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಸುಮ್ನೆ ವ್ಯರ್ಥ ಆಗುತ್ತಲ್ಲ ಅಂತ ನಾನು ಅದನ್ನ ಅಂಗಡಿ ಖರ್ಚಿಗೆ ಹಾಕ್ತೀನಿ ಅಂದೆ. ಅವಳು ಬೇಡ ಅಂದ್ಲು. ನಾನು ಹಟ ಹಿಡಿದೆ. ಕೆಳಗೂ ಅದೇ ನೀರಲ್ವಾ ಬರೋದು ಅಂದೆ. ರಸೀದಿ ಕೈಯಿಂದ ಕಿತ್ಕೊಂಡ್ಲು. 'ಅಂಗಡೀಲಿ ನಲ್ಲಿ ಎಲ್ಲಿದೆಯೋ ಕತ್ತೆ?' ಅಂದ್ಲು. ಅಷ್ಟೇ. ಆಮೇಲೆ ಮಾತಾಡಲಿಲ್ಲ. ಬೇರೆ ರಸೀದಿ ಹುಡುಕ್ತಿದಾಳೆ ಅಂದ್ಕೊಂಡೆ ನಾನು. ಬಗ್ಗಿ ಬರೀತಾ ಇದ್ದೆ. ನೋಡಲೇ ಇಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟು ಮೂಗೊರೆಸಿಕೊಂಡು ಮತ್ತೆ ಎತ್ತಿಕೊಂಡರು.

"ಆ ಪೈಪಿನ ರಸೀದಿ?"

"ಅಂಗಡಿಗೆ ಹಾಕಿಲ್ಲ ಮೇಡಂ. ಇನ್ನೂ ಅವಳ ಚೀಲದಲ್ಲೇ ಇದೆ."

ಯಜಮಾನರು ಭಾವಮೈದುನನ ಕಡೆ ತಿರುಗಿ ನೋಡಿದರು. ಹೆಂಡತಿಯ ಕೊನೆಯ ಮಾತು ಏನಿತ್ತು ಎಂದು ಈವರೆಗೆ ಅವರು ಕೇಳಿರಲಿಲ್ಲ. ಕೇಳಬೇಕೆಂದು ತೋಚಿರಲೂ ಇಲ್ಲ. ಅವಳು ಅದನ್ನು ಹೇಳಿದ ದನಿ ಅವರಿಗೆ ಈಗ ಚೆನ್ನಾಗಿ ಕೇಳಿಸಿತು, ಕೊನೆಯಲ್ಲಿ ಬರುವ ಆ ಎಳೆತದ ಸಮೇತ.

"ಸಂಬಳ ಒಪ್ತೀನೋ ಇಲ್ವೋ ಈಗ ಹೇಳೋಕಾಗಲ್ಲ," ಎಂದರು ಅಧಿಕಾರಿ. "ಓಚರುಗಳನ್ನ ತಂದುಕೊಡಿ, ನೋಡ್ತೀನಿ. ಆದೇಶ ಅಂಚೇಲಿ ಬರುತ್ತೆ."

"ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು ತಾಯಿ. ಅವಳು ಕೆಲಸ ಮಾಡಿದ್ಲು ಅಂತ ಇದ್ರೆ ಸಾಕು."

"ಇದೆ. ಹಳೇ ಹೇಳಿಕೆ ರದ್ದು ಅಂತಾನೂ ಬರೆದಿದೀನಿ." ಅವರು ಹಾಳೆಗಳನ್ನು ಮುಂದೆ ತಳ್ಳಿದರು. "ಸಹಿ ಹಾಕಿ. ಈ ಸಲ ಓದಿ ಹಾಕಿ."

ಯಜಮಾನರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಗಾಜಿನ ಚೂರು ಇತ್ತು. ರಟ್ಟಿನ ತುಂಡು ಇತ್ತು. ಸತ್ತವರ ಕಡೆಯವರಿಗೆ ಕೊಟ್ಟ ನೀರೂ ಇತ್ತು. ಸರ್ಕಾರಿ ಭಾಷೆಯಲ್ಲಿ ಎಲ್ಲ ಒಣಗಿಕೊಂಡು ನಿಂತಿದ್ದವು, ಆದರೂ ಇದ್ದವು. ಸಹಿ ಹಾಕಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಭಾವಮೈದುನ ಕೂತುಬಿಟ್ಟ. ಯಜಮಾನರೂ ಪಕ್ಕದಲ್ಲಿ ಕೂತರು. ಬಂದು ಹೋಗುವವರು ಅವರನ್ನು ದಾಟಿಕೊಂಡು ಹೋಗುತ್ತಿದ್ದರು.

"ಕತ್ತೆ ಅಂದ್ಲಾ?" ಎಂದರು ಯಜಮಾನರು.

"ಅಂದ್ಲು."

"ನನಗೆ ಯಾವತ್ತೂ ಅಂದಿರಲಿಲ್ಲ."

"ನೀವು ಯಜಮಾನ್ರು ಭಾವ. ಸಂಬಳ ಕೊಡೋರು. ನಾನು ತಮ್ಮ ತಾನೇ," ಎಂದ ಅವನು. ಹೇಳುತ್ತ ಹೇಳುತ್ತ ಮಂಡಿಯ ಮೇಲೆ ತಲೆಯಿಟ್ಟ. ಯಜಮಾನರು ಅವನ ಬೆನ್ನ ಮೇಲೆ ಕೈಯಿಟ್ಟರು. ಅವರ ಕಣ್ಣು ಒಣಗಿಯೇ ಇತ್ತು. ಕೈ ಮಾತ್ರ ಅಲ್ಲಿಂದ ಏಳಲಿಲ್ಲ.

ಮರುದಿನ ಅಂಗಡಿಯಲ್ಲಿ ಅವರು ಅವಳ ಜಾಗದಲ್ಲಿ ನಿಂತರು. ಕಬ್ಬಿಣದ ಪಟ್ಟಿಯನ್ನು ಸವೆದ ಗುರುತಿನ ಮೇಲೆಯೇ ಒತ್ತಿ ಹಿಡಿದು, ಬ್ಲೇಡನ್ನು ಓರೆ ಮಾಡಿ, ಉಸಿರು ಬಿಗಿಹಿಡಿದು ಎಳೆದರು. ಮೊದಲನೆಯ ರಟ್ಟು ಹಾಳಾಯಿತು. ಅದರ ನಂತರದ್ದೂ. ಅದರ ಮೇಲಿನದು ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಮುಂದೆ ಹೋಗಿತ್ತು. ಅವಳಾಗಿದ್ದರೆ ಎತ್ತಿ ಬೆಳಕಿಗೆ ಹಿಡಿದು "ಇದನ್ನ ಗಿರಾಕಿಗೆ ಕೊಡ್ತೀರಾ?" ಎನ್ನುತ್ತಿದ್ದಳು. ಗಿರಾಕಿಗಲ್ಲವಲ್ಲ ಎಂದುಕೊಂಡರು ಯಜಮಾನರು. ಗಾಜು, ಚಿತ್ರ, ಮೌಂಟು, ಹಲಗೆ ಎಲ್ಲವನ್ನೂ ಕಟ್ಟಿನಲ್ಲಿ ಕೂರಿಸಿ, ತುಟಿಯ ನಡುವಿನಿಂದ ಒಂದೊಂದೇ ಮೊಳೆ ತೆಗೆದು ಹೊಡೆದರು.

ಆಮೇಲೆ ಭಾವಮೈದುನನಿಗೆ ಫೋನು ಮಾಡಿದರು.

"ಒಂದು ದೊಡ್ಡ ಕಟ್ಟು, ಒಂದು ಗಾಜು, ರಟ್ಟು ಮೂರು. ಎರಡು ಹಾಳಾಯ್ತು, ಅದೂ ಸೇರಿಸ್ಕೋ. ಅಂಗಡಿ ಖರ್ಚಿಂದ ತೆಗೆದುಬಿಡು. ಸ್ವಂತಕ್ಕೆ."

"ಹಾಳಾಗಿದ್ದು ಅಂಗಡಿಗೇ ಇರಲಿ ಬಿಡಿ ಭಾವ," ಎಂದ ಅವನು, ಅಭ್ಯಾಸಬಲದಿಂದ.

"ಬೇಡ."

"ಆಯ್ತು. ತೆಗೀತೀನಿ." ಕುರ್ಚಿಯ ಮೇಲಿನಿಂದ ಏನೋ ಭಾರವಾದದ್ದನ್ನು ಇಳಿಸಿ ಕೆಳಗಿಟ್ಟ ಸದ್ದು ಫೋನಿನಲ್ಲಿ ಕೇಳಿಸಿತು.

ಪಟವನ್ನು ಹಿಂದಿನ ಕೋಣೆಯಲ್ಲಿ ದೇವರ ಎದುರಿನ ಗೋಡೆಗೆ ತೂಗುಹಾಕಿ, ಓರೆಯಾಗಿದೆಯೇ ಎಂದು ದೂರ ನಿಂತು ನೋಡಿ ಸರಿಮಾಡಿದರು. ಮೇಲಿನ ಮನೆಯಲ್ಲಿ ನರ್ಸಮ್ಮ ನಲ್ಲಿ ತಿರುಗಿಸಿದಳು; ಗೋಡೆಯೊಳಗೆ ಹೊಸ ಪೈಪಿನಲ್ಲಿ ನೀರು ಹರಿದ ಸದ್ದು ಕೇಳಿಸಿತು. ಯಜಮಾನರು ನೆಲದ ಮೇಲೆ ಕೂತು ಕೈ ಮುಗಿದರು. ಅಷ್ಟು ದಿನ ಏಳದ ನಾಲಿಗೆ ಎದ್ದಿತು.

"ದೇವರೇ, ನಿನ್ನ ಹತ್ರ ಬಂದಿರೋಳು ಕೆಲಸ ಮಾಡಿ ಬಂದಿದಾಳೆ. ಅವಳ ಲೆಕ್ಕದಲ್ಲಿ ತಪ್ಪಿಲ್ಲ, ನೀನೇ ನೋಡ್ಕೋ. ಕಾಲು ನೋಯುತ್ತೆ ಅವಳಿಗೆ, ಹೇಳ್ಕೊಳ್ಳಲ್ಲ. ಮೊದಲು ಕೂರಿಸು. ಕುಡಿಯೋಕೆ ನೀರು ಕೊಡು. ಅಲ್ಲಿ ಅವಳಿಗೆ ಯಾವ ಕೆಲಸಾನೂ ಹಚ್ಚಬೇಡಪ್ಪ. ಶಾಂತವಾಗಿರಲಿ."